ನೀವ್ರವೂ ಪ್ರಣಾಲಿಯೂ: ಇಳಿಜಾರು ಮಾಡಿನ ಮಳೆನೀರಿನ ವಿಚಾರ

ವಾಸ್ತುವನ್ನು ಕುರಿತ ಗ್ರಂಥಗಳಲ್ಲಿ ಅಧಿಷ್ಠಾನ, ಸ್ತಂಭ, ಶಿಖರ, ಕಲಶ ಮೊದಲಾದ ಅಂಗಗಳಿಗೆ ದೊರೆತಿರುವಷ್ಟು ಮನ್ನಣೆ ಮಾಡಿನ ಅಂಚಿಗಾಗಲಿ ಅಲ್ಲಿಂದ ಬೀಳುವ ನೀರಿಗಾಗಲಿ ದೊರೆತಿಲ್ಲ. ಬಸದಿಯನ್ನೋ ದೇಗುಲವನ್ನೋ ನೋಡಲು ಹೋದವರು ಕಂಬದ ಮೇಲಣ ಬಳ್ಳಿಯ ಕೆತ್ತನೆಯನ್ನು ಕೊಂಡಾಡಿ ಹಿಂದಿರುಗುವರು. ಆ ಬಳ್ಳಿಯು ನಾನ್ನೂರು ಐನೂರು ಮಳೆಗಾಲಗಳನ್ನು ಕಳೆದೂ ಮಾಸದೆ ಉಳಿದುದು ಹೇಗೆಂದು ತಲೆಯೆತ್ತಿ ಸೂರನ್ನು ನೋಡುವವರು ವಿರಳ. ಕನ್ನಡಿಗರ ಆಡುಮಾತು ಈ ವಿಷಯದಲ್ಲಿ ಪಂಡಿತರಿಗಿಂತ ಎಚ್ಚರವುಳ್ಳದ್ದೆಂದು ತೋರುತ್ತದೆ. "ಇರಲೊಂದು ಸೂರಿಲ್ಲ" ಎಂದರೆ ಮನೆಯಿಲ್ಲವೆಂದೇ ಅರ್ಥ. ಗೋಡೆ, ಬಾಗಿಲು, ಒಲೆ ಇವೆಲ್ಲವನ್ನೂ ಬಿಟ್ಟು ಮಾಡಿನ ತುದಿಯೊಂದೇ ಇಡಿಯ ಮನೆಗೆ ಲಕ್ಷಕವಾಗಿ ನಿಂತಿರುವುದು ಮಳೆಯನ್ನು ಕಂಡ ನಾಡಿನಲ್ಲಿ ಸಹಜವೇ ಸರಿ.

ಪ್ರಕೃತದಲ್ಲಿ ವಿಚಾರಕ್ಕೆ ಬರುವ ಪ್ರಶ್ನೆಗಳು ಎರಡು. ಪ್ರಾಚೀನ ಧರ್ಮಶಾಸ್ತ್ರ ಅರ್ಥಶಾಸ್ತ್ರಗಳಲ್ಲಿ ಬರುವ ನೀವ್ರ, ಪ್ರಣಾಲಿ, ಸ್ಯಂದನಿಕಾ ಮೊದಲಾದ ಶಬ್ದಗಳಿಗೆ ಯಾವ ಅರ್ಥವನ್ನು ಹೇಳಿದರೆ ವಾಕ್ಯವು ಸಂಗತವಾಗುವುದೆಂಬುದು ಮೊದಲನೆಯದು. ಕನ್ನಡ ಕರಾವಳಿಯ ಕಲ್ಲಿನ ಇಳಿಜಾರು ಮಾಡುಗಳಿಗೆ ಮೂಲವನ್ನು ಹಿಮಾಲಯದ ತಪ್ಪಲಿನಲ್ಲಿ ಹುಡುಕಬೇಕೆ ಎಂಬುದು ಎರಡನೆಯದು. ಇವೆರಡಕ್ಕೂ ಸಂಬಂಧವೇನೆಂಬ ಸಂದೇಹವು ಓದುಗರಿಗೆ ಉಂಟಾಗಬಹುದು. ನೀರು ಹರಿಯುವ ಬಗೆಯನ್ನು ಮರೆತು ಓದಿದುದೇ ಎರಡು ಕಡೆಯ ಗೊಂದಲಕ್ಕೂ ಕಾರಣವಾಗಿದೆ.

ಶಬ್ದಗಳನ್ನು ಮೊದಲು ಪರಿಶೀಲಿಸಬಹುದು. ಅಮರಸಿಂಹನು ಪುರವರ್ಗದಲ್ಲಿ ಮಾಡಿಗೆ ಪಟಲ, ಛದಿ ಎಂಬ ಹೆಸರುಗಳನ್ನೂ ಮಾಡಿನ ಅಂಚಿಗೆ ವಲೀಕ, ನೀಧ್ರ, ಪಟಲಪ್ರಾಂತ ಎಂಬ ಹೆಸರುಗಳನ್ನೂ ಹೇಳಿದ್ದಾನೆ. ನೀಧ್ರವೆಂಬುದೇ ಬೇರೆ ಗ್ರಂಥಗಳಲ್ಲಿ ನೀವ್ರವೆಂದು ಕಾಣುತ್ತದೆ. ನೀರು ಹರಿದುಹೋಗುವ ದಾರಿಗೆ ಪ್ರಣಾಲೀ ಎಂದೂ, ಜಲವು ಹೊರಬೀಳುವ ಕಂಡಿಗೆ ಭ್ರಮವೆಂದೂ ವಾರಿವರ್ಗದಲ್ಲಿ ಹೇಳಿದೆ. ಮಾಡಿನ ಮಾತು ಒಂದು ವರ್ಗದಲ್ಲಿಯೂ ನೀರಿನ ಮಾತು ಮತ್ತೊಂದು ವರ್ಗದಲ್ಲಿಯೂ ಇರುವುದರಿಂದ, ಕೋಶವನ್ನು ಬಾಯಿಪಾಠ ಮಾಡಿದವನಿಗೂ ಇವೆರಡನ್ನು ಜೋಡಿಸಿ ನೋಡುವ ಸಂದರ್ಭವು ಒದಗುವುದಿಲ್ಲ. ಇದರ ಮೇಲೆ ಇನ್ನೊಂದು ತೊಡಕುಂಟು. ದೇವಾಲಯದಲ್ಲಿ ಪ್ರಣಾಲವೆಂದರೆ ಗರ್ಭಗೃಹದ ಉತ್ತರದ ಗೋಡೆಯಿಂದ ಅಭಿಷೇಕಜಲವನ್ನು ಹೊರಕ್ಕೆ ಬಿಡುವ, ಬಹುಮಟ್ಟಿಗೆ ಮಕರಮುಖವುಳ್ಳ, ಕಲ್ಲಿನ ನಾಳವೆಂಬುದೇ ಪ್ರಸಿದ್ಧ. ಆ ಪ್ರಸಿದ್ಧಿಯ ಬಲದಿಂದ, ಗೃಹಪ್ರಕರಣದಲ್ಲಿ ಪ್ರಣಾಲಿಯೆಂಬ ಮಾತು ಬಂದಾಗಲೂ ನೆಲಮಟ್ಟದ ಚರಂಡಿಯ ಕಡೆಗೇ ಮನಸ್ಸು ಓಡುತ್ತದೆ. ಅಭಿಷೇಕದ ನೀರು ಕೊಡದಿಂದ ಬರುವುದು, ಅದಕ್ಕೆ ಮಿತಿಯುಂಟು. ಮಳೆಯ ನೀರಿಗೆ ಆ ಮಿತಿಯಿಲ್ಲ. ಅದಕ್ಕಾಗಿ ಬೇಕಾದ ನಾಳವೂ ನಿಯಮವೂ ಬೇರೆಯಾದವು.

ಕೌಟಿಲ್ಯನ ಅರ್ಥಶಾಸ್ತ್ರವು ಈ ನಿಯಮಗಳನ್ನು ಅಂಗುಲ ಲೆಕ್ಕದಲ್ಲಿ ಹೇಳಿರುವ ಗ್ರಂಥ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಮುದ್ರಿಸಿದ ಬಳಿಕ ಅದರಲ್ಲಿಯ ರಾಜನೀತಿಯ ವಿಷಯವಾಗಿ ಬೆಳೆದ ವಾಙ್ಮಯಕ್ಕೆ ಲೆಕ್ಕವಿಲ್ಲ. ಮೂರನೆಯ ಅಧಿಕರಣದ ಗೃಹವಾಸ್ತುಕವೆಂಬ ಎಂಟನೆಯ ಅಧ್ಯಾಯವನ್ನು ಮಾತ್ರ ಗಮನಿಸಿದವರು ಕಡಮೆ. ಅಲ್ಲಿಯ ನಿಯಮಗಳ ತಾತ್ಪರ್ಯವಿದು. ಮನೆಯ ನೀರಿನ ದಾರಿಯನ್ನು, ಅದು ಹರಿದುಹೋಗುವುದಾಗಲಿ ಮೇಲಿಂದ ಧುಮುಕುವುದಾಗಲಿ, ನೆರೆಯವನ ಗೋಡೆಯಿಂದ ಮೂರು ಪದಗಳಷ್ಟು ಅಥವಾ ಒಂದೂವರೆ ಅರತ್ನಿಯಷ್ಟು ದೂರದಲ್ಲಿಡಬೇಕು. ಮೀರಿದವನಿಗೆ ೫೪ ಪಣಗಳ ದಂಡ. ಎರಡು ಮನೆಗಳ ನಡುವೆ ಒಂದು ಕಿಷ್ಕುವಿನಷ್ಟು ಅಥವಾ ಮೂರು ಪದಗಳಷ್ಟು ಅಂತರಿಕೆಯಿರಬೇಕು. ಅವುಗಳ ನೀವ್ರಗಳ ನಡುವೆ ನಾಲ್ಕು ಅಂಗುಲಗಳ ಅಂತರವಿರಬೇಕು, ಇಲ್ಲವೆ ಒಂದರ ಮೇಲೊಂದು ಏರಿರಬೇಕು.

ಇಲ್ಲಿ ನೀವ್ರಾಂತರವೆಂಬುದಕ್ಕೆ ಮಾಡುಗಳ ನಡುವಣ ದೂರವೆಂದು ಸ್ಥೂಲವಾಗಿ ಅರ್ಥ ಹೇಳುವುದುಂಟು. ಹಾಗೆ ಹೇಳಿದರೆ ಮನೆಗಳ ಅಂತರವನ್ನು ಒಂದು ಕಿಷ್ಕುವೆಂದು ಒಮ್ಮೆ ಹೇಳಿ, ಮಾಡುಗಳ ಅಂತರವನ್ನು ನಾಲ್ಕೇ ಅಂಗುಲವೆಂದು ಮತ್ತೊಮ್ಮೆ ಏಕೆ ಹೇಳಿದನೆಂಬುದು ಸ್ಪಷ್ಟವಾಗುವುದಿಲ್ಲ. ನೀವ್ರವೆಂದರೆ ಗೋಡೆಯಿಂದ ಹೊರಕ್ಕೆ ಚಾಚಿದ ಅಂಚು ಎಂದು ಹಿಡಿದರೆ ಲೆಕ್ಕವು ತಾನಾಗಿ ಕೂಡಿಬರುತ್ತದೆ. ಎರಡನೆಯ ಅಧಿಕರಣದ ಮಾನಪ್ರಕರಣದಂತೆ ಅರತ್ನಿಗೆ ೨೪ ಅಂಗುಲ, ಅದಕ್ಕೆ ಧನುರ್ಮುಷ್ಟಿಯ ೮ ಅಂಗುಲಗಳನ್ನು ಕೂಡಿಸಿದರೆ ಕಿಷ್ಕು ೩೨ ಅಂಗುಲ, ಪದಕ್ಕೆ ೧೪ ಅಂಗುಲ. ಗೋಡೆಗಳ ನಡುವೆ ೩೨ ಅಂಗುಲವಿದ್ದು ಅಂಚುಗಳ ನಡುವೆ ೪ ಉಳಿದರೆ, ಮಿಕ್ಕ ೨೮ ಅಂಗುಲಗಳನ್ನು ಎರಡು ಮಾಡುಗಳೂ ಸಮವಾಗಿ ಹಂಚಿಕೊಂಡಂತಾಯಿತು. ಒಂದೊಂದು ಸೂರಿಗೆ ೧೪ ಅಂಗುಲಗಳ ಚಾಚು. ಸರಿಯಾಗಿ ಒಂದು ಪದ. ಅಂತರಿಕೆಯು ಮೂರು ಪದಗಳಾದ ಪಕ್ಷದಲ್ಲಿ ಚಾಚು ೧೯ ಅಂಗುಲಗಳಾಗುವುದು. ಎರಡು ಸೂರುಗಳ ನೀರೂ ಓಣಿಯ ನಟ್ಟನಡುವೆ, ಎರಡು ಗೋಡೆಗಳಿಗೂ ಸಮದೂರದಲ್ಲಿ ಬೀಳಬೇಕೆಂಬುದೇ ಶಾಸ್ತ್ರಕಾರನ ಅಭಿಪ್ರಾಯವೆಂಬುದರಲ್ಲಿ ಇನ್ನು ಸಂದೇಹವಿರಲಾರದು.

ಕಿಷ್ಕುವೆಂದರೆ ಬಡಗಿಗಳ ೪೨ ಅಂಗುಲಗಳ ಕಿಷ್ಕುವನ್ನೇ ಏಕೆ ಗ್ರಹಿಸಬಾರದು, ವಿಷಯವು ಮನೆ ಕಟ್ಟುವುದಲ್ಲವೆ, ಎಂದು ಆಕ್ಷೇಪಿಸಬಹುದು. ಹಾಗೆ ಗ್ರಹಿಸಿದರೆ ಮೂರು ಪದಗಳೂ ೪೨ ಅಂಗುಲಗಳೇ ಆದುದರಿಂದ ಎರಡು ಪಕ್ಷಗಳೂ ಒಂದೇ ಆಗಿ "ಅಥವಾ" ಎಂಬ ವಿಕಲ್ಪಕ್ಕೆ ವೈಯರ್ಥ್ಯವು ಬರುತ್ತದೆ. ಅರ್ಧಮಾತ್ರಾಲಾಘವವನ್ನು ಪುತ್ರೋತ್ಸವವೆಂದೆಣಿಸುವ ಸೂತ್ರಶೈಲಿಯಲ್ಲಿ ಬರೆದವನು ಒಂದು ಅಳತೆಗೆ ಎರಡು ಹೆಸರು ಹೇಳುವನೆಂದು ಭಾವಿಸಲು ಕಾರಣವಿಲ್ಲ.

ಮಾಡುಗಳು ಒಂದರ ಮೇಲೊಂದು ಏರಿದ ಪಕ್ಷದಲ್ಲಿ ಮೇಲಿನವನ ನೀರು ಕೆಳಗಿನವನ ಮಾಡಿನ ಮೇಲೆಯೇ ಬೀಳುವುದು. ವ್ಯಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಬೀಜ ಬೇಕೆ? ಮನೆಯ ಒಡೆಯರು ಕೂಡಿ ತಮಗೆ ಬೇಕಾದಂತೆ ಮಾಡಿಕೊಳ್ಳಬಹುದೆಂದು ಕೌಟಿಲ್ಯನು ಅವಕಾಶವಿತ್ತಿದ್ದಾನೆ. ಕೂಡಿಬಾರದವರ ಗತಿಯೇನೆಂಬುದಕ್ಕೆ ಬೃಹಸ್ಪತಿಯ ಸ್ಮೃತಿಯನ್ನು ನೋಡಬೇಕು. ಆ ಸ್ಮೃತಿಯು ಇಡಿಯಾಗಿ ಉಳಿದಿಲ್ಲ, ನಿಬಂಧಕಾರರು ಉದ್ಧರಿಸಿದ ವಚನಗಳಿಂದ ಕೂಡಿಸಿದುದು. ಮನೆಯನ್ನು ಕಟ್ಟಿದಂದಿನಿಂದ ಅನುಭವಿಸುತ್ತ ಬಂದ ಕಿಟಕಿ, ಪ್ರಣಾಲಿ, ಗೋಡೆಯಿಂದ ಹೊರಚಾಚಿದ ಗೂಟ, ಜಗಲಿ ಮತ್ತು ಚತುಶ್ಶಾಲೆಯ ಸ್ಯಂದನಿಕೆ ಇವುಗಳನ್ನು ಕದಲಿಸಕೂಡದೆಂದು ಅದು ವಿಧಿಸುತ್ತದೆ. ಪ್ರಣಾಲಿಯನ್ನೂ ಸ್ಯಂದನಿಕೆಯನ್ನೂ ಬೇರೆಬೇರೆಯಾಗಿ ಎಣಿಸಿರುವುದು ಗಮನಾರ್ಹ. ಎರಡೂ ಚರಂಡಿಯೇ ಆಗಿದ್ದರೆ ಪುನರುಕ್ತಿಯಾಗುತ್ತಿತ್ತು. ಚತುಶ್ಶಾಲೆಯೆಂದರೆ ನಾಲ್ಕು ಕಡೆಗೂ ಶಾಲೆಗಳಿದ್ದು ನಡುವೆ ಬಯಲು ಉಳ್ಳ ಮನೆ, ಕನ್ನಡದ ತೊಟ್ಟಿಮನೆ. ಅದರ ನಾಲ್ಕು ಮಾಡುಗಳ ನೀರೂ ಒಳಕ್ಕೇ ಬೀಳುವುದರಿಂದ ಅದನ್ನು ಹೊರಕ್ಕೆ ಒಯ್ಯುವ ದಾರಿಯೊಂದು ಪ್ರತ್ಯೇಕವಾಗಿ ಬೇಕು. ಅದು ಮುಚ್ಚಿಹೋದರೆ ಮನೆಯೇ ಕೆರೆಯಾಗುವುದು. ಸ್ಯಂದನಿಕೆಯೆಂಬುದು ಆ ದಾರಿ.

ಯಾಜ್ಞವಲ್ಕ್ಯನು ಸೀಮಾವಿವಾದಪ್ರಕರಣದ ನಿರ್ಣಯಕ್ರಮವನ್ನೇ ತೋಟ, ದೇವಾಲಯ, ಊರು, ಬಾವಿ, ಮನೆ ಮತ್ತು ಮಳೆನೀರಿನ ಪ್ರವಾಹ ಇವುಗಳಿಗೂ ಅತಿದೇಶ ಮಾಡಿದ್ದಾನೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಈ ಸ್ಮೃತಿಯ ಮೇಲೆಯೇ ಎಂಬುದನ್ನು ಕನ್ನಡಿಗರಿಗೆ ನೆನಪಿಸಬೇಕಾದುದಿಲ್ಲ. ಅತಿದೇಶದ ಫಲವು ದೊಡ್ಡದು. ಹೊಲದ ಎಲ್ಲೆಯ ವ್ಯಾಜ್ಯದಲ್ಲಿ ನೆರೆಯವರೂ ಮುದುಕರೂ ಗೋವಳರೂ ಹೇಗೆ ಸಾಕ್ಷಿಗಳೋ, ಸೂರುನೀರಿನ ವ್ಯಾಜ್ಯದಲ್ಲಿಯೂ ಹಾಗೆಯೇ. ಪತ್ರವಿಲ್ಲದ ಕಡೆ, ಎಷ್ಟು ಮಳೆಗಾಲಗಳಿಂದ ನೀರು ಆ ದಾರಿಯಲ್ಲಿ ಹರಿಯಿತೆಂದು ಕಂಡು ಬಲ್ಲವನ ಮಾತೇ ಪ್ರಮಾಣ.

ಇಷ್ಟಕ್ಕೂ ನೀರು ಹರಿಯುವುದೇಕೆ? ವೈಶೇಷಿಕರು ಇದಕ್ಕೆ ಕೊಟ್ಟಿರುವ ಉತ್ತರವನ್ನು ತರ್ಕಸಂಗ್ರಹವನ್ನು ಓದಿದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದನ್ನು ಮಾಡಿನ ಮೇಲೆ ಹತ್ತಿಸಿ ನೋಡಿದವರು ಇದ್ದಂತಿಲ್ಲ. ಜಲದ ಪತನಕ್ಕೆ ಗುರುತ್ವವು ಕಾರಣ. ಸ್ಯಂದನಕ್ಕೆ, ಎಂದರೆ ಹರಿಯುವುದಕ್ಕೆ, ದ್ರವತ್ವವು ಕಾರಣ. ಸ್ನೇಹವೆಂಬ ಗುಣವು ಜಲವೊಂದರಲ್ಲಿಯೇ ಇದ್ದು ಪುಡಿಯನ್ನು ಮುದ್ದೆ ಕಟ್ಟಿಸುತ್ತದೆ. ಹಾಸಿನೊಡನೆ ಸಂಯೋಗವಿರುವವರೆಗೆ ಮಾಡಿನ ಮೇಲಣ ನೀರಿಗೆ ಸ್ಯಂದನ. ಅಂಚಿನಲ್ಲಿ ಸಂಯೋಗವು ತಪ್ಪಿದೊಡನೆ ಪತನ. ಆದರೆ ಅಂಚಿನಲ್ಲಿ ನೀರು ನೇರವಾಗಿ ಬೀಳುವುದಿಲ್ಲ. ಅಂಚು ದುಂಡಾಗಿದ್ದರೆ ಅದು ಕೆಳಮೈಗೆ ಅಂಟಿಕೊಂಡು ಹಿಂದಕ್ಕೆ ಸರಿದು ಗೋಡೆಯನ್ನು ಸೇರುವುದು. ಈ ಅಂಟಿಕೆಯನ್ನು ಸ್ನೇಹದ ಕಾರ್ಯವೆಂದು ಹೇಳಲು ವೈಶೇಷಿಕನಿಗೆ ಅಡ್ಡಿಯೇನೂ ಇರಲಾರದು. ಶಿಲ್ಪಿಗಳು ಕಪೋತದ ತುದಿಯನ್ನು ಕೆಳಕ್ಕೆ ಬಾಗಿಸಿ ಚೂಪು ಮಾಡಿದುದರ ಫಲವು ಇಲ್ಲಿಯೇ ತಿಳಿಯುವುದು. ಚೂಪಾದ ತುದಿಯಲ್ಲಿ ನೀರಿಗೆ ಹಿಂದಿರುಗುವ ದಾರಿಯಿಲ್ಲ. ಹೊಯ್ಸಳರ ಗುಡಿಗಳಲ್ಲಿ ಹೊರಚಾಚಿದ ಇಳಿಮೊಗದ ಸೂರುಗಲ್ಲು, ಮುಂದಿನ ಕಾಲದವುಗಳಲ್ಲಿ ಗೋಡೆಯ ನಡುವೆ ಇನ್ನೊಂದು, ಹೀಗೆ ಎರಡೆರಡು ಇರುವುದಕ್ಕೆ ಅಲಂಕಾರವೊಂದೇ ಕಾರಣವೆನ್ನುವಂತಿಲ್ಲ; ಮೆದುವಾದ ಬಳಪದ ಕಲ್ಲಿನ ಮೇಲಣ ಕೆತ್ತನೆಗೆ ಅವು ಕೊಡೆಗಳಾಗಿವೆ.

ಇನ್ನು ಐಹೊಳೆಯ ಮಾತು. ಅಲ್ಲಿಯ ಲಾಡಖಾನ ಗುಡಿಯ ಮಂಟಪದ ಮಾಡು ನಾಲ್ಕು ಕಡೆಗೂ ಇಳಿಜಾರಾಗಿ ಎರಡು ಹಂತಗಳಲ್ಲಿ ಹಾಸಿದ ಚಪ್ಪಡಿಗಳದ್ದು. ಒಂದು ಚಪ್ಪಡಿಯು ಇನ್ನೊಂದನ್ನು ಮುಟ್ಟುವ ಸಂದಿನ ಮೇಲೆ ಮಾಡಿನ ತಲೆಯಿಂದ ಸೂರಿನವರೆಗೆ ಉದ್ದವಾದ, ಕಿರಿದಾದ ಕಲ್ಲುಗಳನ್ನು ಕೂಡಿಸಿದ್ದಾರೆ. ಗೌಡರ ಗುಡಿಯಲ್ಲಿಯೂ ಇದೇ ಕ್ರಮ. ಹೆನ್ರಿ ಕಸಿನ್ಸ್ ಮೊದಲಾದ ಹಿಂದಿನ ವಿದ್ವಾಂಸರು ಲಾಡಖಾನ ಗುಡಿಯನ್ನು ಕ್ರಿ. ಶ. ಐದನೆಯ ಶತಮಾನಕ್ಕೆ ಸೇರಿಸಿದ್ದರು. ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯದರ ಆದಿಯೆಂಬುದು ಈಚಿನವರಲ್ಲಿ ಹೆಚ್ಚು ಮಂದಿಯ ಮತ. ಆ ಉದ್ದಕಲ್ಲುಗಳು ಮರದ ಪಟ್ಟಿಗಳ ಅನುಕರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ರೂಪವು ಮರದಿಂದ ಬಂದಿರಬಹುದು, ಅದನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಕೆಲಸವನ್ನು ನೋಡಬೇಕು. ಗಾರೆಯಿಲ್ಲದೆ ಹಾಸಿದ ಚಪ್ಪಡಿಗಳ ಸಂದಿನಲ್ಲಿ ನೀರು ಇಳಿಯದೆ ಬಿಡದು. ಸಂದಿನ ಮೇಲೆ ಏರುಗಲ್ಲೊಂದನ್ನು ಇಟ್ಟರೆ ನೀರು ಎರಡು ಬದಿಗೂ ಸರಿದು ಚಪ್ಪಡಿಯ ನಡುವೆಯೇ ಹರಿಯುವುದು. ಎರಡು ಏರುಗಲ್ಲುಗಳ ನಡುವಣ ಚಪ್ಪಡಿಯೇ ಒಂದು ಅಗಲವಾದ ಪ್ರಣಾಲಿಯಾಗುವುದು. ನಾಡಹೆಂಚನ್ನು ಹೊದಿಸುವವನು ಒಂದು ಸಾಲನ್ನು ಅಂಗಾತವಾಗಿಯೂ ಅವುಗಳ ಸಂದಿನ ಮೇಲೆ ಇನ್ನೊಂದು ಸಾಲನ್ನು ಕವುಚಿಯೂ ಇಡುವುದು ಇದೇ ನ್ಯಾಯದಿಂದ. ಐಹೊಳೆಯ ಉದ್ದಕಲ್ಲು ಕವುಚುಹೆಂಚಿನ ಕೆಲಸವನ್ನು ಮಾಡುತ್ತದೆ.

ಐಹೊಳೆಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆಯಾದರೆ ಹೆಚ್ಚು. ಅಲ್ಲಿಯ ಮನೆಗಳಿಗೆ ಮಣ್ಣಿನ ಮಾಳಿಗೆಯೇ ಸಾಕಾಗಿರುವಾಗ ಗುಡಿಗೆ ಇಳಿಜಾರು ಏಕೆಂಬ ಪ್ರಶ್ನೆಯು ನ್ಯಾಯವಾದುದೇ. ಮಳೆಯ ಪ್ರಮಾಣವೊಂದನ್ನೇ ಕಾರಣವಾಗಿ ಹೇಳುವವರು ಇಲ್ಲಿ ಸೋಲುತ್ತಾರೆ. ಇದಕ್ಕೆ ಸಮಾಧಾನವು ಸಂದಿನಲ್ಲಿಯೇ ಇದೆ. ಮಣ್ಣಿನ ಮಾಳಿಗೆಗೆ ಸಂದಿಲ್ಲ, ಅದು ನೀರನ್ನು ಕುಡಿದು ಮತ್ತೆ ಒಣಗುತ್ತದೆ. ಕಲ್ಲಿನ ಹಾಸಿಗೆ ಆ ಶಕ್ತಿಯಿಲ್ಲ. ಒಂದೇ ಮಳೆ ಬಂದರೂ ಮಟ್ಟವಾದ ಕಲ್ಲಿನ ಮೇಲೆ ನಿಂತ ನೀರು ಸಂದನ್ನು ಹುಡುಕಿಕೊಂಡು ಒಳಕ್ಕಿಳಿಯುವುದು. ಕಲ್ಲಿನಲ್ಲಿ ಕಟ್ಟಲು ತೊಡಗಿದವರಿಗೆ ಮಳೆ ಕಡಮೆಯಿದ್ದ ಸೀಮೆಯಲ್ಲಿಯೂ ಇಳಿಜಾರು ಬೇಕಾಯಿತು. ಮಳೆ ಹೆಚ್ಚಾದ ಕಡೆ ಅದರ ಜೊತೆಗೆ ಹಾಸುಗಲ್ಲುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸುವುದೂ ಅವಶ್ಯವಾಯಿತು. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಲ್ಲಿಯೂ ಮೂಡಬಿದಿರೆಯ ಬಸದಿಗಳಲ್ಲಿಯೂ ಕಾಣುವುದು ಈ ಬೆಳವಣಿಗೆ.

ಮೂಡಬಿದಿರೆಯ ವಿಷಯದಲ್ಲಿಯೇ ಎರಡನೆಯ ಪ್ರಶ್ನೆಯು ಹುಟ್ಟಿರುವುದು. ಅಲ್ಲಿಯ ಸಾವಿರಕಂಬದ ಬಸದಿ, ಎಂದರೆ ತ್ರಿಭುವನತಿಲಕಚೂಡಾಮಣಿ, ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ ೧೪೩೦ರ ಸುಮಾರಿಗೆ ಕಟ್ಟಿದುದು. ಫರ್ಗ್ಯುಸನ್ನನು ೧೮೭೬ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುವಿನ ಚರಿತ್ರೆಯಲ್ಲಿ ಈ ಬಸದಿಗಳನ್ನು ವರ್ಣಿಸುತ್ತ, ಮೊಗಸಾಲೆಯ ಮೇಲಣ ಇಳಿಸೂರಿನಂತಹುದು ನೇಪಾಳಕ್ಕಿಂತ ಹತ್ತಿರದಲ್ಲೆಲ್ಲಿಯೂ ತನಗೆ ತಿಳಿಯದೆಂದು ಬರೆದನು. ಅನಂತರದ ಬರಹಗಾರರಲ್ಲಿ ಕೆಲವರು ಈ ಸಾದೃಶ್ಯವನ್ನೇ ಸಂಬಂಧವಾಗಿ ಬೆಳೆಸಿದರು. ಪಶುಪತಿನಾಥನ ಪೂಜೆಗೆ ಕನ್ನಡ ಕರಾವಳಿಯ ಭಟ್ಟರು ಹೋಗುತ್ತ ಬಂದಿರುವುದನ್ನೂ ಈ ವಾದಕ್ಕೆ ಆಸರೆಯಾಗಿ ಹೇಳುವುದುಂಟು. ಪೂಜೆಗೆ ಹೋದವರು ಅಲ್ಲಿಂದ ಮಾಡನ್ನು ಹೊತ್ತು ತಂದರೆನ್ನುವುದಕ್ಕೆ ಬೇರೆ ಪ್ರಮಾಣ ಬೇಕು.

ವಾದವು ನಿಲ್ಲುವಂತಹುದಲ್ಲ. ಅದೇ ಫರ್ಗ್ಯುಸನ್ನನು ಈ ಬಸದಿಗಳ ಕಂಬಗಳು ಮೂಲೆ ಕಡಿದ ಮರದ ದಿಮ್ಮಿಗಳನ್ನು ಹೋಲುವುವೆಂದೂ ಬರೆದಿದ್ದಾನೆ. ಮೂಲವು ಮರದ ಕಟ್ಟಡವಾದರೆ, ಮರದ ಕಟ್ಟಡಗಳು ಬಸದಿಯ ಸುತ್ತಲೂ ಇದ್ದಾಗ ನೇಪಾಳದ ಮಾತೇಕೆ? ತುಳುನಾಡಿನ ಮನೆಗಳೂ ದೈವಸ್ಥಾನಗಳೂ ಅದಕ್ಕೆ ತೆಂಕಲಲ್ಲಿರುವ ಕೇರಳದ ಮನೆಗಳೂ ಮರದ ಜಂತಿಯ ಇಳಿಮಾಡುಗಳೇ. ಕೇರಳದ ತಂತ್ರಸಮುಚ್ಚಯ, ಮನುಷ್ಯಾಲಯಚಂದ್ರಿಕಾ ಎಂಬ ಗ್ರಂಥಗಳು ಲುಪೆಗಳ, ಎಂದರೆ ಇಳಿಜಂತಿಗಳ, ಉದ್ದವನ್ನೂ ಓರೆಯನ್ನೂ ಗಣಿತದಿಂದ ಸಾಧಿಸುತ್ತವೆ. ಇಂತಹ ಶಾಸ್ತ್ರವು ಬಳಕೆಯಿಲ್ಲದ ಕಡೆ ಹುಟ್ಟುವುದಿಲ್ಲ. ಮಾಡನ್ನು ಹೊರುವ ಬಗೆಯೂ ಬೇರೆ. ನೇಪಾಳದಲ್ಲಿ ಗೋಡೆಯಿಂದ ಓರೆಯಾಗಿ ಹೊರಟ ಕೆತ್ತನೆಯ ಮರದ ಊರುಗೋಲುಗಳು ಸೂರನ್ನು ಹೊರುತ್ತವೆ. ಮೂಡಬಿದಿರೆಯ ಕೆಳಮಾಡಿನ ಸೂರನ್ನು ಹೊರುವುವು ಮೊಗಸಾಲೆಯ ಕಲ್ಲುಕಂಬಗಳು. ಕಠ್ಮಂಡುವಿನ ಕಣಿವೆಯಲ್ಲಿ ವರ್ಷದ ಮಳೆ ಸುಮಾರು ೧೪೦೦ ಮಿಲಿಮೀಟರು, ಮೂಡಬಿದಿರೆಯ ಕಡೆ ೪೦೦೦ದ ಆಸುಪಾಸು. ಸಮಾನವಾದ ಉಪದ್ರವಕ್ಕೆ ದೂರದೂರದ ಜನರು ಸಮಾನವಾದ ಪರಿಹಾರವನ್ನು ಕಂಡುಕೊಂಡರೆಂದರೆ ಲಾಘವವುಂಟು. ಸಾಲ ತಂದರೆಂದರೆ ಗೌರವದೋಷ.

ಕಲ್ಲಿನ ಮಾಡಿಗೆ ಸೂರಿನಲ್ಲಿ ದೋಣಿಯಿಲ್ಲ. ನೀರು ಅಂಚಿನುದ್ದಕ್ಕೂ ಅಂಗಳಕ್ಕೆ ಬೀಳುವುದು. ದೋಣಿಯು ಬೇಕಾದುದು ತೊಟ್ಟಿಮನೆಗೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಕೆಯ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ತೆಗೆದು ಸೂರಿನ ಕೆಳಗೆ ಕಟ್ಟುವ ದಂಬೆಯೇ ಆ ದೋಣಿ. ಅದರ ಕೆಲಸವು ಎಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು ನೀರು. ಒಳಗಡೆಗೆ ಇಳಿಯುವ ನಾಲ್ಕು ಮಾಡುಗಳೂ ಕೂಡಿ ೨೦೦ ಚದರ ಮೀಟರುಗಳಷ್ಟು ನೆಲವನ್ನು ಮುಚ್ಚಿದ್ದು, ಗಂಟೆಗೆ ೫೦ ಮಿಲಿಮೀಟರಿನ ಮಳೆ ಹೊಯ್ದರೆ ತೊಟ್ಟಿಗೆ ಗಂಟೆಗೆ ೧೦,೦೦೦ ಲೀಟರು ಬರುವುದು. ನಾಲ್ಕು ಮೂಲೆಗಳಲ್ಲಿ ನೀರನ್ನು ಬಿಟ್ಟರೆ ಮೂಲೆಗೆ ೨,೫೦೦. ಎಂದರೆ ನಿಮಿಷಕ್ಕೆ ಸುಮಾರು ೪೨ ಲೀಟರು, ಮೂರು ಕೊಡ. ಮನೆಯ ಹೆಂಗಸರು ಬಾವಿಗೆ ಹೋಗದೆ ಹಂಡೆ ತುಂಬಿಸಿಕೊಳ್ಳುತ್ತಿದ್ದುದು ಈ ಮೂಲೆಗಳಲ್ಲಿ.

ದಂಬೆಯ ಇಳಿಜಾರು ಎಷ್ಟಿರಬೇಕು? ಇಲ್ಲಿ ಶಾಸ್ತ್ರವು ಕಾರಣವನ್ನು ಹೇಳಿ ಪ್ರಮಾಣವನ್ನು ಹೇಳದೆ ಬಿಟ್ಟಿತು. ದ್ರವತ್ವದಿಂದ ಸ್ಯಂದನವೆಂದು ತಿಳಿದರೂ ಎಷ್ಟು ಓರೆಗೆ ಎಷ್ಟು ವೇಗವೆಂಬುದು ವೈಶೇಷಿಕರಿಂದ ತಿಳಿಯದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರೆಂಚ್ ಇಂಜನಿಯರ್ ಶೆಜಿಯು ಕಂಡುಕೊಂಡ ನಿಯಮದಂತೆ ವೇಗವು ಇಳಿಜಾರಿನ ವರ್ಗಮೂಲವನ್ನು ಅನುಸರಿಸುತ್ತದೆ. ಇಳಿಜಾರನ್ನು ನಾಲ್ಕು ಮಡಿ ಮಾಡಿದರೆ ವೇಗವು ಎರಡೇ ಮಡಿಯಾಗುವುದು. ದಂಬೆಯನ್ನು ಬಹಳ ಓರೆ ಮಾಡುವುದರಿಂದ ಆಗುವ ಲಾಭವು ಅಲ್ಪ. ನಷ್ಟವೋ ಹೆಚ್ಚು, ಏಕೆಂದರೆ ಕೆಳತುದಿಯಲ್ಲಿ ದಂಬೆಯು ಸೂರಿನಿಂದ ದೂರವಾಗಿ ಗಾಳಿಗೆ ನೀರು ಹೊರಕ್ಕೆ ಎರಚುವುದು. ಪೂರಾ ಮಟ್ಟವಾಗಿ ಕಟ್ಟಿದರೂ ನೀರು ನಿಂತುಬಿಡುವುದಿಲ್ಲವೆಂಬುದು ಹಲವರಿಗೆ ಆಶ್ಚರ್ಯವಾಗಬಹುದು. ಮುಚ್ಚಿದ ತುದಿಯಲ್ಲಿ ನೀರು ಏರಿ, ತೆರೆದ ತುದಿಯ ಕಡೆಗೆ ತನ್ನ ಮೇಲ್ಮೈಯನ್ನೇ ಇಳಿಜಾರು ಮಾಡಿಕೊಂಡು ಹರಿಯುವುದು. ಘರ್ಷಣೆಯನ್ನು ಎಣಿಸದಿದ್ದರೆ, ಚೌಕಾಕಾರದ ಮಟ್ಟದೋಣಿಯಲ್ಲಿ ಮುಚ್ಚಿದ ಕಡೆಯ ಆಳವು ನೀರು ಧುಮುಕುವ ಕಡೆಯ ಆಳದ ಸುಮಾರು ೧.೭೩ ಮಡಿಯಿರುವುದೆಂದು ಗಣಿತದಿಂದ ಸಿದ್ಧವಾಗಿದೆ. ಆದುದರಿಂದ ದಂಬೆಗೆ ಓರೆಗಿಂತ ಆಳವು ಮುಖ್ಯ. ಗಣಿತವನ್ನು ಅರಿಯದ ಹಳ್ಳಿಯ ಬಡಗಿಗಳು ಮರದ ಬುಡದ ಕಡೆಯ ದಪ್ಪ ಸೀಳನ್ನು ಆರಿಸಿ, ನೂಲಿನಷ್ಟೇ ಓರೆ ಮಾಡಿ ಕಟ್ಟುತ್ತಿದ್ದುದು ಅನುಭವದ ಬಲದಿಂದ.

ಎರಡು ಮಾಡುಗಳು ಕೂಡುವ ಒಳಮೂಲೆಯೇ ತೊಟ್ಟಿಮನೆಯ ಮರ್ಮಸ್ಥಾನ. ಅಲ್ಲಿ ಎರಡು ಕಡೆಯ ನೀರೂ ಸೇರಿ ಒಂದೇ ಗೆರೆಯಲ್ಲಿ ಇಳಿಯುವುದು. ಆ ಗೆರೆಯ ಓರೆಯಾದರೋ ಮಾಡಿನ ಓರೆಗಿಂತ ಕಡಮೆ. ನೀರು ಹೆಚ್ಚು, ವೇಗ ಕಡಮೆ. ಮನೆ ಸೋರತೊಡಗುವುದು ಬಹುಮಟ್ಟಿಗೆ ಇಲ್ಲಿಂದ. ನಾಡಹೆಂಚಿನ ಕಾಲದಲ್ಲಿ ಮಂಗಗಳೂ ಗಾಳಿಯೂ ಕದಲಿಸಿದ ಹೆಂಚುಗಳನ್ನು ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಕೈಯಾಡಿಸಬೇಕಾಗಿದ್ದಿತು. ಅದರಲ್ಲಿಯೂ ಮೊದಲು ನೋಡುತ್ತಿದ್ದುದು ಒಳಮೂಲೆಗಳನ್ನು.

೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಎಂಬವರ ಮೇಲ್ವಿಚಾರಣೆಯಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಈ ವ್ಯವಸ್ಥೆಯು ಬದಲಾಗತೊಡಗಿತು. ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಖಿನಲ್ಲಿ ಗಿಲಾರ್ಡೋನಿ ಸೋದರರು ೧೮೪೧ರಲ್ಲಿ ಕಂಡುಹಿಡಿದ ಕ್ರಮದಂತೆ, ಒಂದು ಹೆಂಚಿನ ಪಕ್ಕದ ಏರು ಮತ್ತೊಂದರ ಗಾಡಿಯಲ್ಲಿ ಕೂಡುವುದು ಈ ಹೆಂಚಿನ ವಿಶೇಷ. ಅಂಗಾತದ ಹೆಂಚು, ಕವುಚುಹೆಂಚು ಎಂಬ ಭೇದವು ಅಳಿದು ಎರಡರ ಕೆಲಸವೂ ಒಂದರಲ್ಲಿ ಅಡಗಿತು. ಸಂದಿಗೆ ನುಗ್ಗಿದ ನೀರು ಒಳಕ್ಕಿಳಿಯದೆ ಗಾಡಿಯಲ್ಲಿಯೇ ಹರಿದು ಕೆಳಗಿನ ಹೆಂಚಿನ ಬೆನ್ನಿಗೆ ಬೀಳುವುದು. ನಯವಾದ ಮೈಯ ಮೇಲೆ ನೀರು ಬೇಗ ಹರಿಯುವುದರಿಂದ ಸೂರಿನಲ್ಲಿ ಹಾರಿ ದಂಬೆಯನ್ನು ದಾಟುತ್ತಿದ್ದಿತು. ದಂಬೆಯನ್ನು ಹಿಂದಿಗಿಂತ ಹೊರಕ್ಕೆ ಸರಿಸಿ ಕಟ್ಟಬೇಕಾಯಿತು. ಕಾಲಕ್ರಮದಲ್ಲಿ ಅಡಕೆಯ ದಂಬೆಯ ಸ್ಥಾನಕ್ಕೆ ತಗಡಿನ ದೋಣಿ ಬಂದಿತು. ಒಳಮೂಲೆಗೆ ತಗಡನ್ನು ಮಡಿಸಿ ಹಾಸಿ, ಅದರ ಎರಡು ಅಂಚುಗಳನ್ನೂ ಹೆಂಚಿನ ಕೆಳಗೆ ಸೇರಿಸುವುದು ಈಗಲೂ ನಡೆದಿರುವ ಪದ್ಧತಿ.